ಬಿಆರ್‌ಟಿಓ ಆದ ಮೇಲೆ ‘ಇನ್ನು ಭಯವಿಲ್ಲ’ ಅಂದರೆ ಅಲ್ಲಿಗೇ ಬಿಡಬೇಡಿ

ಲಿವರ್ ಸಿರೋಸಿಸ್ ಆಗಿ ಹೊಟ್ಟೆಯೊಳಗಿನ ರಕ್ತನಾಳ ಉಬ್ಬಿಕೊಂಡವರು ನಿಮ್ಮ ಮನೆಯಲ್ಲಿದ್ದು, ಅವರಿಗೆ ಬಿಆರ್‌ಟಿಓ (ಕೊಳವೆ ಹಾಕಿ ಆ ನಾಳ ಮುಚ್ಚುವ ಚಿಕಿತ್ಸೆ) ಹೇಳಿದ್ದರೆ ಇದನ್ನು ಪೂರ್ತಿ ಓದಿ. ನಮ್ಮದು ಸಿಂಧನೂರು ಕಡೆ. ಅಪ್ಪ ಒಂದು ದಿನವೂ ಕುಡಿದವರಲ್ಲ. ಸಕ್ಕರೆ ಕಾಯಿಲೆ, ಅದರ ಜೊತೆಗೆ ಫ್ಯಾಟಿ ಲಿವರ್, ಅದರಿಂದಲೇ ಲಿವರ್ ಗಟ್ಟಿಯಾಗಿತ್ತು. ಕುಡಿಯದವರಿಗೂ ಇದು ಬರುತ್ತದೆ. ಊರವರು ಬೆನ್ನ ಹಿಂದೆ ಆಡಿದ ಮಾತು ಅಪ್ಪನಿಗೆ ಕಾಯಿಲೆಗಿಂತ ಹೆಚ್ಚು ನೋವು ಕೊಟ್ಟಿತು.

ಮೊದಲು ಮಲ ಕಪ್ಪಗೆ, ಅಂಟಂಟಾಗಿ ಹೋಗುತ್ತಿತ್ತು. ಗ್ಯಾಸ್ಟ್ರಿಕ್ ಅಂತ ಗುಳಿಗೆ ಕೊಟ್ಟರು, ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ಬೇರೆ ಬರೆದರು. ಸಿರೋಸಿಸ್ ಇದ್ದವರಿಗೆ ಆ ಜಾತಿಯ ನೋವಿನ ಗುಳಿಗೆ ಕೊಡಬಾರದು. ರಕ್ತಸ್ರಾವವನ್ನೂ ಹೆಚ್ಚಿಸುತ್ತದೆ, ಕಿಡ್ನಿಗೂ ಪೆಟ್ಟು. ಒಂದು ರಾತ್ರಿ ರಕ್ತವಾಂತಿಯಾಯಿತು. ರಾಯಚೂರಿಗೆ ಓಡಿದೆವು. ರಕ್ತ ಕೊಟ್ಟು, ಎಂಡೋಸ್ಕೋಪಿ ಮಾಡಿ, ಹೊಟ್ಟೆಯ (ಜಠರದ) ಮೇಲ್ಭಾಗದಲ್ಲಿ ಉಬ್ಬಿದ ನಾಳ ಒಡೆದಿದೆ ಎಂದರು. ಅಂಟು ಚುಚ್ಚಿ ರಕ್ತ ನಿಲ್ಲಿಸಿ, ಮುಂದಿನದ್ದಕ್ಕೆ ದೊಡ್ಡ ಊರಿಗೆ ಕಳಿಸಿದರು. ಇಲ್ಲಿಯವರೆಗೆ ಯಾರ ಮೇಲೂ ನನ್ನ ದೂರಿಲ್ಲ, ಮೊದಲ ಗುಳಿಗೆಯೊಂದನ್ನು ಬಿಟ್ಟು.

ದೊಡ್ಡ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ನೋಡಿ ಬಿಆರ್‌ಟಿಓ ಮಾಡಿದರು. ತೊಡೆಸಂದಿನ ಅಥವಾ ಕುತ್ತಿಗೆಯ ರಕ್ತನಾಳದಿಂದ ತೆಳು ಕೊಳವೆ ಹಾಕಿ ಎಡ ಕಿಡ್ನಿಯ ನಾಳದ ತನಕ ಒಯ್ಯುತ್ತಾರೆ. ಹೊಟ್ಟೆಯ ಉಬ್ಬಿದ ನಾಳಗಳಿಂದ ಆ ಕಿಡ್ನಿ ನಾಳಕ್ಕೆ ಹಲವರಲ್ಲಿ ಒಂದು ಅಡ್ಡದಾರಿ ಬೆಳೆದಿರುತ್ತದೆ. ಅಲ್ಲಿ ಬಲೂನು ಉಬ್ಬಿಸಿ ದಾರಿ ಕಟ್ಟಿ, ಹಿಂದಿನಿಂದ ನೊರೆಯಂಥ ಔಷಧಿ ತುಂಬಿ ನಾಳವನ್ನು ಒಳಗಿಂದಲೇ ಮುಚ್ಚುತ್ತಾರೆ. ಈಗ ಬಲೂನಿನ ಬದಲು ಪ್ಲಗ್ (ಬಿರಡೆ), ಕಾಯಿಲ್ (ಸುರುಳಿ ತಂತಿ) ಹಾಕುವವರೂ ಇದ್ದಾರೆ. ಹೊಟ್ಟೆ ಕೊಯ್ಯುವುದಿಲ್ಲ. ಚಿಕಿತ್ಸೆ ಒಳ್ಳೆಯದೇ, ಅಪ್ಪನ ಹೊಟ್ಟೆಯ ನಾಳ ಮತ್ತೆ ಒಡೆಯಲಿಲ್ಲ.

ಆದರೆ ಆ ಅಡ್ಡದಾರಿ ಸುಮ್ಮನೆ ಬೆಳೆದಿರುವುದಿಲ್ಲ. ಗಟ್ಟಿಯಾದ ಲಿವರ್‌ಗೆ ನುಗ್ಗಲಾಗದ ರಕ್ತ ಅದರಲ್ಲಿ ಹರಿದು ಒತ್ತಡ ಇಳಿಸುತ್ತಿರುತ್ತದೆ. ನಮ್ಮ ಎಡದಂಡೆ ನಾಲೆಯಲ್ಲಿ ಒಂದು ತೂಬು ಮುಚ್ಚಿದರೆ ನೀರು ಬೇರೆ ಕಡೆ ಏರುತ್ತದಲ್ಲ, ಹಾಗೆ. ಬಿಆರ್‌ಟಿಓ ಆದ ಮೇಲೆ ಪೋರ್ಟಲ್ ಒತ್ತಡ (ಲಿವರ್‌ಗೆ ರಕ್ತ ತರುವ ನಾಳದ ಒತ್ತಡ) ಹೆಚ್ಚಿ ಅನ್ನನಾಳದ ನಾಳಗಳು ದಪ್ಪಗಾಗಬಹುದು, ಹೊಟ್ಟೆಯಲ್ಲಿ ನೀರು ತುಂಬಬಹುದು. ಇದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ನಮಗೆ ಹೇಳಿದ್ದು ಮಾತ್ರ ‘ನಾಳ ಮುಚ್ಚಿದ್ದೇವೆ, ಇನ್ನು ಭಯವಿಲ್ಲ’ ಅಂತ. ಡಿಸ್ಚಾರ್ಜ್ ಚೀಟಿಯಲ್ಲಿ ‘ರಿವ್ಯೂ’ ಅಂತ ಒಂದೇ ಪದ. ಮೊದಲ ಎಂಡೋಸ್ಕೋಪಿ ವರದಿಯಲ್ಲೇ ಅನ್ನನಾಳದಲ್ಲಿ ಸಣ್ಣ ನಾಳಗಳಿವೆ ಎಂದು ಬರೆದಿತ್ತು. ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಊರಿಗೆ ಬಂದ ಮೇಲೆ ಬಿಪಿ ಕಡಿಮೆಯಿದೆ ಅಂತ ಇನ್ನೊಬ್ಬ ವೈದ್ಯರು ಈ ಒತ್ತಡ ಇಳಿಸುವ ಕಾರ್ವಿಡಿಲಾಲ್ ಗುಳಿಗೆ ನಿಲ್ಲಿಸಿದರು, ಬದಲಿ ಏನೂ ಕೊಡಲಿಲ್ಲ, ದೊಡ್ಡ ಆಸ್ಪತ್ರೆಯನ್ನೂ ಕೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಮತ್ತೆ ರಕ್ತವಾಂತಿ. ಈ ಸಲ ಒಡೆದದ್ದು ಅನ್ನನಾಳದ್ದು. ಎಂಡೋಸ್ಕೋಪಿಯಲ್ಲೇ ನಾಳಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಉಳಿಸಿದರು. ಮುಂಚೆಯೇ ಎಂಡೋಸ್ಕೋಪಿ ಮಾಡಿ ನೋಡಿದ್ದರೆ, ಒಡೆಯುವ ಮೊದಲೇ ಬ್ಯಾಂಡ್ ಹಾಕಬಹುದಿತ್ತು. ಇದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಆದ್ದರಿಂದ ಸಹಿ ಹಾಕುವ ಮೊದಲೇ ಕೇಳಿ: ಅನ್ನನಾಳದಲ್ಲಿ ನಾಳಗಳಿವೆಯೇ, ಮೊದಲು ಬ್ಯಾಂಡ್ ಬೇಕೇ? ನಮ್ಮ ರೋಗಿಗೆ ಟಿಪ್ಸ್ ಬೇಡ, ಬಿಆರ್‌ಟಿಓ ಏಕೆ? (ಟಿಪ್ಸ್‌ನಲ್ಲಿ ಲಿವರ್ ಒಳಗೇ ಕೊಳವೆ ಇಟ್ಟು ರಕ್ತಕ್ಕೆ ದಾರಿ ಮಾಡುತ್ತಾರೆ. ಒತ್ತಡ ಇಳಿಯುತ್ತದೆ, ಆದರೆ ತಲೆಗೆ ಮಂಕು ಕವಿಯುವ ಅಪಾಯ ಹೆಚ್ಚು, ಉತ್ತರ ರೋಗಿಯಿಂದ ರೋಗಿಗೆ ಬೇರೆ.) ನಂತರದ ಸಿಟಿ ಯಾವಾಗ, ಎಂಡೋಸ್ಕೋಪಿ ಯಾವ ವಾರ? ತಾರೀಕು ಬರೆಸಿಕೊಳ್ಳಿ. ಪ್ಲಗ್, ಕಾಯಿಲ್‌ಗಳ ಬಿಲ್ ಬೇರೆಯೇ, ಆಯುಷ್ಮಾನ್ ಕಾರ್ಡಿನಲ್ಲಿ ಬರುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿ. ಸಿಟಿ ಸಿಡಿ, ಎಂಡೋಸ್ಕೋಪಿ ವರದಿ ಒಂದೇ ಫೈಲಿನಲ್ಲಿ ಮನೆಯಲ್ಲಿರಲಿ.

ಮಲ ಕಪ್ಪಾದರೆ, ತಲೆ ಸುತ್ತಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಎಂಡೋಸ್ಕೋಪಿಯೂ ರಕ್ತನಿಧಿಯೂ ಇರುವ ಕಡೆಗೇ ಕರೆದೊಯ್ಯಲು ಹೇಳಿ, ಹೋದ ಕೂಡಲೇ ಬಿಆರ್‌ಟಿಓ ಆಗಿದೆ ಎಂದು ತಿಳಿಸಿ.