ಚೈನ್‌ಲಿಂಕ್ ಬೇಲಿ, ಅದನ್ನು ಹಾಕಿಕೊಟ್ಟ ಕಂಟ್ರಾಕ್ಟರ್: ಆರು ಮಳೆಗಾಲದ ನಂತರ

ಮೊದಲು ಕೆಲಸದ ಅಳತೆ. ಮನೆ ಸುತ್ತ 240 ಅಡಿ ಉದ್ದ, 5 ಅಡಿ ಎತ್ತರ. 2 ಇಂಚು ಕಣ್ಣಿನ, 10 ಗೇಜ್ ತಂತಿಯ ಜಾಲರಿ. 8 ಅಡಿಗೊಂದರಂತೆ ಜಿಐ (ಜಿಂಕ್ ಲೇಪಿಸಿದ ಕಬ್ಬಿಣದ) ಪೈಪಿನ 30 ಕಂಬ. ಮೂಲೆಯ ನಾಲ್ಕೂ ಗೇಟಿನ ಎರಡೂ ಎರಡೂವರೆ ಇಂಚಿನವು, ಉಳಿದ 24 ಎರಡು ಇಂಚಿನವು. 8 ಅಡಿ ಅಗಲದ ಒಂಟಿ ಬಾಗಿಲಿನ ಗೇಟು. ಸಾಮಾನು, ಕೂಲಿ ಎರಡೂ ಕಂಟ್ರಾಕ್ಟರದೇ. ಆರು ಮಳೆಗಾಲ ಕಳೆದ ಮೇಲೆ ನಾನು ಕೊಡುವ ಅಂಕ: ಕಂಬಕ್ಕೆ 5ಕ್ಕೆ 4.5, ಜಾಲರಿಗೆ 4, ಗೇಟಿಗೆ 2, ಆಮೇಲಿನ ರಿಪೇರಿಗೆ 3.

ಕಂಬಗಳು ಇವತ್ತಿಗೂ ನೆಟ್ಟಗಿವೆ. ಕಾರಣ ಪೈಪ್ ಕತ್ತರಿಸಿದ ಲೆಕ್ಕದಲ್ಲೇ ಇದೆ. ಪೈಪು ಬರುವುದು 6 ಮೀಟರ್ ಉದ್ದದಲ್ಲಿ. ಅದನ್ನು ಮೂರು ತುಂಡು ಮಾಡಿದರೆ ಒಂದೊಂದು ಆರೂವರೆ ಅಡಿ; ವ್ಯರ್ಥವೇನೂ ಆಗುವುದಿಲ್ಲ, ಕಂಟ್ರಾಕ್ಟರಿಗೆ ಲಾಭ. ಆದರೆ 5 ಅಡಿ ಮೇಲೆ ನಿಂತರೆ ಮಣ್ಣಿನೊಳಗೆ ಉಳಿಯುವುದು ಒಂದೂವರೆ ಅಡಿ ಮಾತ್ರ. ಮಣ್ಣು ನೆನೆದು ಮೆತ್ತಗಾದಾಗ ಗಾಳಿ ಬೀಸಿದರೆ ಅಂಥ ಕಂಬ ವಾಲುತ್ತದೆ. ಇಲ್ಲಿ ಸಾಲಿನ 24 ಕಂಬಗಳಿಗೆ ಒಂದೊಂದು ಪೈಪಿನಿಂದ 7 ಅಡಿಯ ಎರಡು ತುಂಡು ಮಾಡಿ, ಉಳಿದ ಐದೂ ಮುಕ್ಕಾಲು ಅಡಿಯ ತುಂಡುಗಳನ್ನು ಮೂಲೆ ಕಂಬಗಳ ಓರೆ ಆಸರೆಗೆ ಬಳಸಿದರು. ಮೂಲೆಗೆ ಎರಡರಂತೆ ಎಂಟು, ಗೇಟಿನ ಕಂಬಕ್ಕೆ ಒಂದೊಂದು, ಒಟ್ಟು ಹತ್ತು ಆಸರೆ. 12 ಪೈಪಿನಿಂದ ಸಿಕ್ಕ 12 ತುಂಡಿನಲ್ಲಿ ಎರಡಷ್ಟೇ ಉಳಿದವು. ಕೆಲಸ ಬಲ್ಲವರ ಲೆಕ್ಕ ಇದು. ಕೊಟೇಶನ್ ಕೇಳುವಾಗ "ಪೈಪ್ ಎಷ್ಟು ಉದ್ದಕ್ಕೆ ಕತ್ತರಿಸುತ್ತೀರಿ?" ಎಂಬ ಒಂದೇ ಪ್ರಶ್ನೆ ಸಾಕು, ಎದುರಿಗಿರುವವರು ಎಂಥವರೆಂದು ಗೊತ್ತಾಗುತ್ತದೆ.

ಸಾಲಿನ ಕಂಬಗಳ ಗುಂಡಿ 1 ಅಡಿ ಅಗಲ, 2 ಅಡಿ ಆಳ. ಮೂಲೆ ಮತ್ತು ಗೇಟಿನದು ಒಂದೂವರೆ ಅಡಿ ಅಗಲ, 3 ಅಡಿ ಆಳ. ಜಾಲರಿಯ ಎಳೆತವನ್ನೆಲ್ಲ ಹೊರುವುದು ಈ ಆರು ಕಂಬಗಳೇ; ಸಾಲಿನವು ಜಾಲರಿಯನ್ನು ನೆಟ್ಟಗೆ ಹಿಡಿದು ನಿಲ್ಲುತ್ತವೆ ಅಷ್ಟೆ. ಗುಂಡಿ ಮುಚ್ಚಿದ ಮೇಲೆ ಆಳ ಯಾರಿಗೂ ಕಾಣುವುದಿಲ್ಲ, ಹಾಗಾಗಿ ಸಿಮೆಂಟ್ ಮೂಟೆ ಎಣಿಸುವುದು ಒಳ್ಳೆಯ ಉಪಾಯ. 1:2:4 ಮಿಶ್ರಣದಲ್ಲಿ (ಸಿಮೆಂಟ್, ಮರಳು, ಜಲ್ಲಿ) 50 ಕೆ.ಜಿ.ಯ ಒಂದು ಮೂಟೆಗೆ ಸುಮಾರು ಐದೂವರೆ ಘನ ಅಡಿ ಕಾಂಕ್ರೀಟ್ ಆಗುತ್ತದೆ. ಸಾಲಿನ ಒಂದು ಗುಂಡಿಗೆ ಸುಮಾರು ಒಂದೂವರೆ ಘನ ಅಡಿ, ಮೂಲೆಯದಕ್ಕೆ ಐದು ಘನ ಅಡಿಗಿಂತ ಸ್ವಲ್ಪ ಹೆಚ್ಚು ಬೇಕು. ಆಸರೆಯ ಬುಡಗಳೂ ಸೇರಿ ಈ ಅಳತೆಯ ಬೇಲಿಗೆ 14 ಮೂಟೆ ಆಗಲೇಬೇಕು. ಏಳೆಂಟಕ್ಕೇ ಕೆಲಸ ಮುಗಿಯಿತು ಅಂದರೆ ಗುಂಡಿ ಚಿಕ್ಕದು, ಇಲ್ಲವೇ ಕಾಂಕ್ರೀಟ್ ತೆಳು.

ಅರ್ಧ ಅಂಕ ಕಡಿಮೆ ಕೊಟ್ಟದ್ದು ಹಿಂಬದಿಯ ಮೂರು ಕಂಬಗಳಿಗಾಗಿ. ಅಲ್ಲಿ ಕಾಂಕ್ರೀಟನ್ನು ನೆಲಮಟ್ಟಕ್ಕಿಂತ ಕೆಳಗೇ ನಿಲ್ಲಿಸಿ ಮೇಲೆ ಮಣ್ಣೆಳೆದಿದ್ದರು. ಪೈಪಿನ ಬುಡದಲ್ಲಿ ನೀರು ನಿಂತು, ಸರಿಯಾಗಿ ಮಣ್ಣು ತಾಗುವ ಜಾಗದಲ್ಲೇ ತುಕ್ಕು ಹಿಡಿದಿದೆ. ಕಾಂಕ್ರೀಟ್ ನೆಲಕ್ಕಿಂತ ಒಂದಿಂಚು ಮೇಲೆ ಬಂದು, ನೀರು ಹೊರಕ್ಕೆ ಜಾರುವಂತೆ ಸುತ್ತ ಇಳಿಜಾರಾಗಿರಬೇಕು. ಪೈಪಿನ ತಲೆಗೆ ಮುಚ್ಚಳವೂ ಬೇಕು, ಇಲ್ಲದಿದ್ದರೆ ಒಳಗೆ ಇಳಿದ ನೀರು ಒಳಗಿಂದಲೇ ತಿನ್ನುತ್ತದೆ.

ಜಾಲರಿ ಎಳೆಯುವ ಮೊದಲು ಏಳು ದಿನ ಕಾದರು, ದಿನಾ ನೀರುಣಿಸಿದರು. ಇದಕ್ಕೆ ಮನಸಾರೆ ಮೆಚ್ಚುಗೆ. ಕಾಂಕ್ರೀಟ್ ಹಸಿಯಿರುವಾಗಲೇ ಎಳೆದರೆ ಮೂಲೆ ಕಂಬ ಕಣ್ಣಿಗೆ ಕಾಣದಷ್ಟು ಸರಿಯುತ್ತದೆ, ಆಮೇಲೆ ಆ ಸಡಿಲು ಹೋಗುವುದೇ ಇಲ್ಲ. ಎಳೆದದ್ದು ಚೈನ್ ಪುಲ್ಲರ್‌ನಿಂದ. ಜಾಲರಿಯ ಕೊನೆಯ ಕಣ್ಣುಗಳಲ್ಲಿ ಉದ್ದಕ್ಕೂ ಒಂದು ಕಬ್ಬಿಣದ ಪಟ್ಟಿ ತೂರಿಸಿ, ಅದನ್ನು ಒಂದೊಂದು ಅಡಿಗೆ ಕ್ಲಾಂಪ್ ಹಾಕಿ ಮೂಲೆ ಕಂಬಕ್ಕೆ ಬಿಗಿದರು. ಕೈಯಲ್ಲಿ ಎಳೆದು ಬೈಂಡಿಂಗ್ ವೈರ್ ಸುತ್ತಿದ ಬೇಲಿ ಎರಡೇ ವರ್ಷಕ್ಕೆ ಹೊಟ್ಟೆ ಬಿಡುತ್ತದೆ. ಬಿಗಿ ನೋಡಲು ಒಂದು ಕಣ್ಣಿನ ಎರಡು ತಂತಿಗಳನ್ನು ಬೆರಳಲ್ಲಿ ಹಿಚುಕಿ: ಕಾಲು ಇಂಚಿಗಿಂತ ಹೆಚ್ಚು ಕೂಡಿಕೊಂಡರೆ ಇನ್ನೂ ಎಳೆಯಬೇಕು.

ತಂತಿಯ ಗೇಜನ್ನು ಕ್ಯಾಲಿಪರ್ ಹಿಡಿದು ನೋಡಬೇಕು. 10 ಗೇಜ್ ಅಂದರೆ ಸುಮಾರು 3.25 ಮಿ.ಮೀ., 12 ಗೇಜ್ ಅಂದರೆ 2.64 ಮಿ.ಮೀ. ಪಿವಿಸಿ ಹೊದಿಕೆಯ ತಂತಿಯಲ್ಲಿ ಹೊದಿಕೆ ಸೇರಿಸಿ ಅಳತೆ ಹೇಳುವವರಿದ್ದಾರೆ. ತುದಿಯಲ್ಲಿ ಹೊದಿಕೆ ಕೆರೆದು ಒಳಗಿನ ತಂತಿಯನ್ನೇ ಅಳೆಯಿರಿ.

ಗೇಟಿನ ವಿಷಯದಲ್ಲಿ ಬೇಸರವಿದೆ. ಎರಡನೇ ವರ್ಷಕ್ಕೇ ಚಿಲಕದ ಕಡೆ ಜೋತು ನೆಲಕ್ಕೆ ತಾಗತೊಡಗಿತು. ಓರೆ ಪೈಪನ್ನು ಮೇಲಿನ ಹಿಂಜ್ ಕಡೆಯಿಂದ ಚಿಲಕದ ಕಡೆಯ ಕೆಳಮೂಲೆಗೆ ಹಾಕಿದ್ದರು. ಹಾಗೆ ಹಾಕಿದಾಗ ಬಾಗಿಲಿನ ಭಾರ ಪೈಪನ್ನು ಎಳೆಯುತ್ತದೆ, ಎಳೆತವೆಲ್ಲ ಎರಡು ವೆಲ್ಡಿಂಗ್ ತುದಿಗಳ ಮೇಲೆ ಬೀಳುತ್ತದೆ. ಒಂದು ತುದಿ ಬಿರುಕು ಬಿಟ್ಟಿತು. ಕೆಳಗಿನ ಹಿಂಜ್ ಮೂಲೆಯಿಂದ ಚಿಲಕದ ಮೇಲ್ಮೂಲೆಗೆ ಹಾಕಿದ್ದರೆ ಅದೇ ಭಾರ ಪೈಪನ್ನು ಒತ್ತುತ್ತಿತ್ತು, ವೆಲ್ಡಿಂಗ್ ಉಳಿಯುತ್ತಿತ್ತು. ಅದಕ್ಕಿಂತ ಮೊದಲು, 8 ಅಡಿಗೆ ಒಂಟಿ ಬಾಗಿಲು ಹಾಕಿದ್ದೇ ತಪ್ಪು. 4 ಅಡಿಯ ಎರಡು ಬಾಗಿಲು ಸರಿಯಾಗಿರುತ್ತಿತ್ತು. ವೆಲ್ಡಿಂಗ್ ಮಾಡಿದಲ್ಲೆಲ್ಲ ಜಿಂಕ್ ಸುಟ್ಟುಹೋಗಿರುತ್ತದೆ. ಅಲ್ಲಿ ಉಜ್ಜಿ ಜಿಂಕ್ ಪ್ರೈಮರ್ ಹಚ್ಚಬೇಕಿತ್ತು, ಇವರು ಹಚ್ಚಿದ್ದು ಬರೀ ಸಿಲ್ವರ್ ಪೇಂಟ್. ಇಡೀ ಬೇಲಿಯಲ್ಲಿ ಮೊದಲು ತುಕ್ಕು ಕಂಡದ್ದು ಅಲ್ಲೇ.

ಒಂದು ಬದಿಯಲ್ಲಿ ಜಾಲರಿ ಹರಿದು ರಿಪೇರಿಗೆ ಕರೆದಾಗ ಬಂದರು, ಆದರೆ ಮೊದಲ ಮಾತೇ ಆ ಬದಿಯ ಜಾಲರಿ ಪೂರ್ತಿ ಬದಲಿಸೋಣ ಎಂದು. ಹರಿದದ್ದು 3 ಅಡಿ. ಚೈನ್‌ಲಿಂಕ್‌ನಲ್ಲಿ ಅದು ಬೇಕಿಲ್ಲ. ಎಳೆತ ಇಳಿಸಿಕೊಂಡು, ಹರಿದ ಭಾಗದ ಆಚೀಚೆ ಒಂದೊಂದು ತಂತಿಯ ಮೇಲಿನ, ಕೆಳಗಿನ ಕೊಂಡಿ ಬಿಚ್ಚಿ, ಸ್ಕ್ರೂ ತಿರುಗಿಸಿದಂತೆ ತಿರುಗಿಸುತ್ತಾ ಮೇಲಕ್ಕೆ ಎಳೆದರೆ ತಂತಿ ಈಚೆ ಬರುತ್ತದೆ, ತುಂಡು ಬೇರೆಯಾಗುತ್ತದೆ. ಅದೇ ಕಣ್ಣು, ಅದೇ ಗೇಜಿನ ಹೊಸ ತುಂಡನ್ನು ಹಾಗೇ ತಿರುಗಿಸಿ ಹೆಣೆಯಬಹುದು. ಕೊನೆಗೆ ಹಾಗೇ ಮಾಡಿದರು, ಜೋಡಣೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಚೆನ್ನಾಗಿದೆ. ಅದಕ್ಕೇ 3 ಅಂಕ. ಮೊದಲ ದಿನವೇ ಎರಡು ಮೀಟರ್ ಜಾಲರಿ ಹೆಚ್ಚುವರಿ ತರಿಸಿಟ್ಟುಕೊಂಡರೆ ಆಮೇಲೆ ಕಣ್ಣು ಹೊಂದದ ತೊಂದರೆ ಇರುವುದಿಲ್ಲ.

ಕರಾರಿನಲ್ಲಿ ಗೇಜ್, ಪೈಪಿನ ದಪ್ಪ, ಕತ್ತರಿಸುವ ಉದ್ದ, ಗುಂಡಿಯ ಅಳತೆ, ಆಸರೆಗಳ ಸಂಖ್ಯೆ ಬರೆದಿರಲಿ. ಗೇಟಿನ ಲೆಕ್ಕ ಬೇರೆಯಾಗಿರಲಿ. ದರ ಅಡಿ ಉದ್ದಕ್ಕೋ ಚದರಡಿಗೋ ಎಂಬುದು ಸ್ಪಷ್ಟವಿರಲಿ. 5 ಅಡಿ ಎತ್ತರದ ಬೇಲಿಯಲ್ಲಿ ಈ ಎರಡರ ನಡುವೆ ಐದು ಪಟ್ಟು ವ್ಯತ್ಯಾಸ. ಗುಂಡಿ ತೋಡುವ ಮೊದಲು ಗಡಿ ಅಳತೆ ಆಗಿರಬೇಕು, ನೀರಿನ ಪೈಪು, ಕೇಬಲ್ ಹೋದ ದಾರಿಗೆ ಸುಣ್ಣದ ಗೆರೆ ಎಳೆದಿರಬೇಕು. ಹಣದಲ್ಲಿ ಹತ್ತನೇ ಒಂದು ಭಾಗವನ್ನು ಮೊದಲ ದೊಡ್ಡ ಮಳೆ ಆಗುವವರೆಗೆ ಉಳಿಸಿಕೊಳ್ಳಿ, ಅದನ್ನೂ ಕರಾರಿನಲ್ಲೇ ಬರೆಸಿ. ಮಳೆ ನಿಂತ ಮರುದಿನ ಮೂಲೆ ಕಂಬಗಳಿಗೆ ತೂಕದ ಗುಂಡು ಹಿಡಿದು ನೋಡಿ, ಆಮೇಲೆ ಕೊಡಿ.