ಗಗನಚುಂಬಿಯ ಮೇಲೊಂದು, ಬುಡದಲ್ಲೊಂದು: ಟೋಕಿಯೊದಲ್ಲಿ ಎರಡು ಬಟ್ಟಲು ಮಾಚಾ

ಊರಿನ ನೋಟವೂ ಬೇಕು, ಮಾಚಾ ಎಂಬ ಹಸಿರು ಚಹಾಪುಡಿಯನ್ನು ಕಡೆದು ಕೊಡುವ ಜಪಾನಿ ಚಹಾ ಸಮಾರಂಭವೂ ಬೇಕು ಅನ್ನುವವರಿಗೆ ಟೋಕಿಯೊದಲ್ಲಿ ಎರಡು ದಾರಿ. ಎತ್ತರದ ಹೋಟೆಲೊಂದರ ಗಾಜಿನ ಗೋಡೆ ಪಕ್ಕ ಕೂತು ಊರನ್ನು ಕೆಳಗೆ ನೋಡುವುದು ಒಂದು. ಹಮರಿಕ್ಯೂ ಉದ್ಯಾನದ ಕೊಳದ ನಡುವೆ ಇರುವ ಚಹಾಮನೆಯಲ್ಲಿ ಕೂತು ಪಕ್ಕದ ಶಿಯೊದೊಮೆ ಬಡಾವಣೆಯ ಕಟ್ಟಡಗಳನ್ನು ತಲೆಯೆತ್ತಿ ನೋಡುವುದು ಇನ್ನೊಂದು. ನನ್ನ ಲೆಕ್ಕದಲ್ಲಿ ನೋಟಕ್ಕೆ ಹಮರಿಕ್ಯೂ, ಸಮಾರಂಭಕ್ಕೆ ಹೋಟೆಲು. ಎರಡೂ ಒಂದೇ ಕಡೆ ಸಿಗಲಿಲ್ಲ.

ಮೊದಲು ಹೋಟೆಲಿನ ವಿಷಯ. ಮೊದಲೇ ಬುಕ್ ಮಾಡಬೇಕು, ತಲೆಗೆ ಹಲವು ಸಾವಿರ ಯೆನ್, ಒಂದು ಗಂಟೆಯೊಳಗೆ ಮುಗಿಯುತ್ತದೆ. ಕೊಟ್ಟ ದುಡ್ಡಿಗೆ ಕೈಚಳಕವನ್ನು ಹತ್ತಿರದಿಂದ ನೋಡಬಹುದು. ಕಿಮೋನೊ ಉಟ್ಟ ಹಿರಿಯಾಕೆ ಸೊಂಟದಲ್ಲಿ ಸಿಕ್ಕಿಸಿಕೊಂಡ ರೇಷ್ಮೆ ಚೌಕವನ್ನು ತೆಗೆದು, ಮೂಲೆ ಹಿಡಿದು ಇಳಿಬಿಟ್ಟು, ಮಡಿಸಿ, ಮೊದಲೇ ಚೊಕ್ಕಟವಾಗಿದ್ದ ಡಬ್ಬಿಯನ್ನು ಮತ್ತೆ ಒರೆಸಿದರು. ಬಿದಿರಿನ ಚಮಚದಲ್ಲಿ ಎರಡು ಸಲ ಪುಡಿ, ಸುಮಾರು ಎರಡು ಗ್ರಾಂ ಇರಬಹುದು. ಆಮೇಲೆ ಬಿಸಿನೀರು, ಬಿದಿರಿನ ಕಡೆಗೋಲು, ಸರಸರ ಸದ್ದು. ಇದ್ದಿಲ ಬದಲು ವಿದ್ಯುತ್ ಒಲೆ ಇಟ್ಟಿದ್ದರು. ಅಷ್ಟು ಎತ್ತರದಲ್ಲಿ ಕೆಂಡ ಕೇಳುವುದೂ ಅತಿಯಾಸೆಯೇ.

ಮೇಜು ಕುರ್ಚಿ ಕಂಡು ಕೆಲವರು ಮೂಗು ಮುರಿಯುತ್ತಾರೆ. ಅಗತ್ಯವಿಲ್ಲ. ಕುರ್ಚಿಯಲ್ಲಿ ಕೂತು ಚಹಾ ಕೊಡುವ ಈ ಪದ್ಧತಿಯನ್ನು ಉರಾಸೆಂಕೆ ಎಂಬ ಚಹಾ ಪಂಥದ ಹನ್ನೊಂದನೆಯ ಗುರು ಗೆಂಗೆನ್‌ಸಾಯ್ ರೂಪಿಸಿದ್ದು 1872ರ ಕ್ಯೋಟೊ ಪ್ರದರ್ಶನಕ್ಕೆ, ವಿದೇಶಿ ಅತಿಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ನಮಗೆ ಚಕ್ಕಳಮಕ್ಕಳ ಹಾಕಿ ಕೂರುವುದು ಸಲೀಸು, ಆದರೆ ಮಂಡಿಯೂರಿ ಹಿಮ್ಮಡಿ ಮೇಲೆ ಕೂರುವ ಅವರ ರೀತಿ ಹತ್ತೇ ನಿಮಿಷಕ್ಕೆ ಕಾಲು ಜೋಮು ಹಿಡಿಸುತ್ತದೆ.

ಅಲ್ಲಿ ತೊಡಕಾದದ್ದು ನೋಟವೇ. ಕಿಟಕಿಯಾಚೆ ಊರು ಹರಡಿಕೊಂಡಿದ್ದರೆ ರೇಷ್ಮೆ ಚೌಕ ಮಡಿಸುವ ಕೈಯನ್ನು ಯಾರು ನೋಡುತ್ತಾರೆ? ನಮ್ಮ ಜೊತೆ ಇದ್ದವರ ಫೋನುಗಳೆಲ್ಲ ಗಾಜಿನ ಕಡೆಗೇ ತಿರುಗಿದ್ದವು, ಪಾಪ ಆಕೆ ತಮ್ಮಷ್ಟಕ್ಕೆ ತಾವು ಕಡೆಯುತ್ತಿದ್ದರು. ಹದಿನಾರನೇ ಶತಮಾನದ ಚಹಾಗುರು ಸೆನ್ ನೊ ರಿಕ್ಯೂ ಕಟ್ಟಿಸಿದ್ದೆಂದು ಹೇಳುವ ತೈಆನ್ ಕೋಣೆ ಬರೀ ಎರಡು ತತಾಮಿ ಚಾಪೆಯಷ್ಟು. ಒಳಗೆ ಹೋಗಲು ತೆವಳಬೇಕು, ಕಾಗದದ ಕಿಟಕಿಯಿಂದ ಬೆಳಕು ಬರುತ್ತದೆಯೇ ಹೊರತು ಹೊರಗಿನದೇನೂ ಕಾಣುವುದಿಲ್ಲ. ಹೊರಗನ್ನು ಮರೆಸಲೆಂದೇ ಕಟ್ಟಿದ ಪದ್ಧತಿಯನ್ನು ಗಾಜಿನ ಗೋಡೆಗೆ ಒರಗಿಸಿದರೆ ಹೀಗೇ ಆಗುವುದು.

ಹಮರಿಕ್ಯೂದಲ್ಲಿ ಈ ಜಗಳ ಇಲ್ಲ. ಅಲ್ಲಿನ ನಕಾಜಿಮಾ ಚಹಾಮನೆ ಇರುವುದೇ ಕೂತು ನೋಡಲಿಕ್ಕೆ. ಮೊದಲು ಕಟ್ಟಿದ್ದು 1707ರಲ್ಲಿ, ಜಪಾನನ್ನು ಆಳುತ್ತಿದ್ದ ತೊಕುಗಾವಾ ಶೋಗನ್ನರ ಕಾಲದಲ್ಲಿ. ಈಗಿರುವುದು 1983ರಲ್ಲಿ ಮತ್ತೆ ಕಟ್ಟಿದ್ದು. 1879ರಲ್ಲಿ ಮೇಜಿ ಚಕ್ರವರ್ತಿ, ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಜೊತೆ ಮಾತಿಗೆ ಕೂತದ್ದು ಆಗ ಇಲ್ಲಿದ್ದ ಚಹಾಮನೆಯಲ್ಲೇ. ಕೊಳದ ನೀರು ಟೋಕಿಯೊ ಕೊಲ್ಲಿಯದು, ತೂಬಿನ ಮೂಲಕ ಉಬ್ಬರವಿಳಿತಕ್ಕೆ ತಕ್ಕಂತೆ ಏರಿಳಿಯುತ್ತದೆ. ಮರದ ಸೇತುವೆ ದಾಟಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತರೆ ಎದುರಿಗೆ ನೀರು, ಅದರಾಚೆ ಪೈನ್ ಮರಗಳು, ಅವುಗಳ ತಲೆ ಮೇಲೆ ಗಾಜಿನ ಗೋಪುರಗಳು. ನೀರಿನಲ್ಲಿ ಅವೇ ತಲೆಕೆಳಗಾಗಿ ಅಲುಗುತ್ತಿರುತ್ತವೆ. ಊರು ಮೈಮೇಲೆ ಬೀಳುವುದಿಲ್ಲ, ದೂರದಲ್ಲೇ ನಿಂತಿರುತ್ತದೆ.

ಆದರೆ ಸಮಾರಂಭ ಅಂತ ಕರೆಯುವಂಥದ್ದು ಅಲ್ಲಿ ಏನೂ ನಡೆಯುವುದಿಲ್ಲ. ಚಹಾವನ್ನು ಒಳಗೇ ಕಡೆದು ಸಿಹಿಯ ಜೊತೆ ತಟ್ಟೆಯಲ್ಲಿಟ್ಟು ತಂದುಕೊಡುತ್ತಾರೆ. ಸಿಹಿ ಮೊದಲು ತಿನ್ನಿ, ಬಟ್ಟಲನ್ನು ಬಲಕ್ಕೆ ಸ್ವಲ್ಪ ತಿರುಗಿಸಿ, ಅದರ ಮುಂಭಾಗಕ್ಕೆ ತುಟಿ ತಾಗಿಸದೆ ಕುಡಿಯಿರಿ. ಉದ್ಯಾನಕ್ಕೆ 300 ಯೆನ್, ಚಹಾಕ್ಕೆ ಸುಮಾರು ಸಾವಿರ. ಬುಕ್ಕಿಂಗ್ ರಗಳೆ ಇಲ್ಲ.

ರುಚಿ? ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಹಾಲಿಲ್ಲ, ಸಕ್ಕರೆಯಿಲ್ಲ, ಹಸಿ ಸೊಪ್ಪಿನ ಒಗರು. ಸಿಹಿಯ ಒಳಗಿನ ಕಾಳಿನ ಹೂರಣ ನಮ್ಮ ಹೋಳಿಗೆಯದರಂತೆಯೇ, ಏಲಕ್ಕಿ ಮಾತ್ರ ಇಲ್ಲ. ಇಂಥ ಸಿಹಿಗಳು ಹೆಚ್ಚಾಗಿ ಸಸ್ಯಾಹಾರವೇ, ಜೆಲ್ಲಿಯಂಥದ್ದಕ್ಕೂ ಸಾಮಾನ್ಯವಾಗಿ ಸಮುದ್ರಪಾಚಿಯ ಅಗರ್ ಬಳಸುತ್ತಾರೆ. ಮೊಟ್ಟೆ ತಿನ್ನದವರು ಒಂದು ಮಾತು ಕೇಳಿಕೊಳ್ಳುವುದು ಕ್ಷೇಮ.

ಮೊದಲ ಸಲ ಹೋಗುವವರು, ಮಕ್ಕಳನ್ನು ಕರೆದೊಯ್ಯುವವರು, ಮಂಡಿನೋವಿನ ಅಪ್ಪ ಅಮ್ಮ ಜೊತೆಗಿರುವವರು ಹೋಟೆಲಿಗೇ ಹೋಗಿ, ಆದರೆ ಕಿಟಕಿಗೆ ಬೆನ್ನು ಹಾಕಿ ಕೂರುವ ಜಾಗ ಕೇಳಿ. ದುಡ್ಡು ಉಳಿಸಬೇಕು, ಸುಮ್ಮನೆ ಕೂರಬೇಕು ಅನ್ನುವವರಿಗೆ ಹಮರಿಕ್ಯೂ. ಅಸಾಕುಸಾದಿಂದ ದೋಣಿಯಲ್ಲಿ ಬಂದರೆ ಉದ್ಯಾನದೊಳಗೇ ಇಳಿಯಬಹುದು. ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ, ಹಾಗಾಗಿ ದೀಪ ಹೊತ್ತಿದ ಊರು ನೋಡುವ ಆಸೆ ಇದ್ದರೆ ಅದಕ್ಕೆ ಹೋಟೆಲೇ ಗತಿ.