ಎಲ್‌ಇಡಿ ಬಲ್ಬು ಹಾಕಿ ಎಂಟು ವರ್ಷದ ಮೇಲಾಯಿತು: ಕರೆಂಟು ಉಳಿಯಿತು, ಬಣ್ಣ ಸರಿಮಾಡಲು ಎರಡು ವರ್ಷ ಬೇಕಾಯಿತು

ಸಾಗರದ ಹತ್ತಿರ ನಮ್ಮ ಹಳ್ಳಿಮನೆ. 2016ರ ದೀಪಾವಳಿಗೆ ಮುಂಚೆ ಹಳೇ ಬಲ್ಬೆಲ್ಲ ತೆಗೆದು ಎಲ್‌ಇಡಿ ಹಾಕಿದೆ. ಜಗಲಿ, ನಡುಮನೆ, ಅಡುಗೆಮನೆ, ದೇವರ ಕೋಣೆ, ಬಚ್ಚಲು, ಕೊಟ್ಟಿಗೆ, ಅಡಿಕೆ ಸುಲಿಯುವ ಚಪ್ಪರ, ಎಲ್ಲ ಸೇರಿ 12 ಕಡೆ. ವ್ಯಾಟು, ಲುಮೆನ್ನು ಎಲ್ಲ ಡಬ್ಬಿ ಮೇಲೇ ಇರುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಹೇಳಬೇಕಾಗಿರುವುದು ಬಣ್ಣದ ವಿಷಯ. ಯಾಕೆಂದರೆ ಕೊಳ್ಳುವಾಗ ಅದನ್ನು ಯಾರೂ ಕೇಳುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ.

ಅಂಗಡಿಯಲ್ಲಿ ಹಚ್ಚಿ ತೋರಿಸಿದಾಗ ಬಿಳಿ ಬಲ್ಬೇ ಜಾಸ್ತಿ ಬೆಳಕು ಅನಿಸುತ್ತದೆ. ಎಲ್ಲವನ್ನೂ ಬಿಳಿಯದೇ ತಂದೆ. ಡಬ್ಬಿ ಮೇಲೆ 6500 ಕೆ ಅಂತ ಇತ್ತು. ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣ ಹೇಳುವ ಅಂಕಿ.

ನಮ್ಮ ಮನೆಯಲ್ಲಿ ಸಂಜೆ ಮೊದಲ ದೀಪ ಹಾಕುವುದು ಅಮ್ಮ. ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಆಮೇಲೆ ಜಗಲಿಗೆ ಬಂದು ಸ್ವಿಚ್ಚು ಹಾಕುತ್ತಾರೆ. ಬಲ್ಬು ಹತ್ತಿದ ತಕ್ಷಣ ಅದಕ್ಕೂ ಕೈ ಮುಗಿಯುತ್ತಾರೆ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅಜ್ಜಿಯೂ ಹಾಗೇ ಮಾಡುತ್ತಿದ್ದರು. ಹೊಸ ಬಲ್ಬು ಹಾಕಿದ ದಿನ ಅಮ್ಮ ಕೈ ಮುಗಿದು, ಸ್ವಲ್ಪ ಹೊತ್ತು ಅಲ್ಲೇ ನಿಂತು, "ಇದೇನೋ ತಮ್ಮಾ, ಬಸ್ ಸ್ಟ್ಯಾಂಡಲ್ಲಿ ನಿಂತ ಹಾಗೆ ಆಗ್ತದೆ" ಅಂದರು. ರೂಢಿಯಾದರೆ ಸರಿಹೋಗುತ್ತೆ ಅಂತ ನಾನು ಸುಮ್ಮನಾದೆ.

ಸರಿಹೋಗಲಿಲ್ಲ. ಮುಖಗಳೆಲ್ಲ ಬಿಳಿಚಿಕೊಂಡ ಹಾಗೆ ಕಾಣುತ್ತಿದ್ದವು. ಜಗಲಿಯಲ್ಲಿ ಕವಳ (ಎಲೆಅಡಿಕೆ) ಹಾಕಿಕೊಂಡು ಒಂಬತ್ತು ಗಂಟೆವರೆಗೆ ಕೂರುತ್ತಿದ್ದ ಅಪ್ಪ ಎಂಟಕ್ಕೇ ಒಳಗೆ ಹೋಗತೊಡಗಿದರು. ಅದಕ್ಕಿಂತ ತೊಂದರೆಯಾಗಿದ್ದು ಅಡಿಕೆ ಸುಗ್ಗಿಯಲ್ಲಿ. ರಾತ್ರಿ ಹಂಡೆಯಲ್ಲಿ ಅಡಿಕೆ ಬೇಯಿಸುವಾಗ ಚೊಗರಿನ (ಅಡಿಕೆ ಬೆಂದ ರಸದ) ಕೆಂಪು ಎಷ್ಟು ಬಂದಿದೆ ಎಂದು ಕಣ್ಣಲ್ಲೇ ನೋಡಬೇಕು, ಅಲ್ವಾ. ಆ ಬಿಳಿ ಬೆಳಕಲ್ಲಿ ಕೆಂಪೆಲ್ಲ ಕಪ್ಪಿನ ಹಾಗೆ ಕಾಣುತ್ತಿತ್ತು. ಅಪ್ಪ ಒಂದೊಂದು ಅಡಿಕೆಯನ್ನೂ ಒಲೆಯ ಬೆಂಕಿ ಹತ್ತಿರ ಹಿಡಿದು ನೋಡುತ್ತಿದ್ದರು. ಅದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಮಳೆ ಶುರುವಾದ ಮೇಲೆ ಇನ್ನೊಂದು. ಮಳೆಹುಳ ಹಳೇ ಬಲ್ಬಿಗೂ ಬರುತ್ತಿದ್ದವು, ಆದರೆ ಈ ಬಿಳಿ ಬಲ್ಬಿಗೆ ಮುತ್ತಿದ ಪರಿ ನೋಡಿದರೆ ಬಾಗಿಲು ತೆಗೆಯಲೂ ಭಯವಾಗುತ್ತಿತ್ತು.

ಎರಡು ವರ್ಷ ಹೀಗೇ ಕಳೆಯಿತು. ಪೇಟೆಯಲ್ಲಿ ಬಲ್ಬು ರಿಪೇರಿ ಮಾಡುವ ಒಬ್ಬರು ಇದ್ದಾರೆ. 2018ರಲ್ಲಿ ಅವರ ಹತ್ತಿರ ಹೋದಾಗ ಒಂದು ಬಲ್ಬಿನ ಮುಚ್ಚಳ ತೆಗೆದು ತೋರಿಸಿದರು. ಒಳಗೆ ತಟ್ಟೆಯ ಮೇಲೆ ಹಳದಿ ಚುಕ್ಕಿಗಳು. ಬಿಳಿ ಎಲ್‌ಇಡಿ ಅಂದರೆ ಅಸಲಿಗೆ ನೀಲಿ ಬೆಳಕು, ಅದರ ಮೇಲೆ ಹಳದಿ ಲೇಪ. ಲೇಪ ದಾಟಿ ನೀಲಿ ಜಾಸ್ತಿ ಹೊರಬಂದರೆ 6500, ಕಮ್ಮಿ ಬಂದರೆ 3000 ಅಥವಾ 2700. ನಮ್ಮ ಹಳೇ ತಂತಿ ಬಲ್ಬು ಸುಮಾರು 2700ರದ್ದು. ಹುಳಗಳನ್ನು ಎಳೆಯುವುದೂ ಆ ನೀಲಿಯೇ. ಕೆಂಪು ಸರಿಯಾಗಿ ಕಾಣಬೇಕಾದರೆ ಸಿಆರ್‌ಐ ಅನ್ನುವ ಅಂಕಿ ನೋಡಬೇಕಂತೆ, ಬಣ್ಣಗಳು ಎಷ್ಟು ಸರಿಯಾಗಿ ಕಾಣುತ್ತವೆ ಅಂತ ಹೇಳುವುದು ಅದೇ. ತಂತಿ ಬಲ್ಬಿಗೆ ಅದು ಹತ್ತಿರಹತ್ತಿರ 100. ಅಗ್ಗದ ಎಲ್‌ಇಡಿಗೆ 80 ಇದ್ದರೆ ಹೆಚ್ಚು.

ಅವತ್ತೇ ಜಗಲಿಗೆ ಒಂದು, ಚಪ್ಪರಕ್ಕೆ ಎರಡು ಹಳದಿ ಬಲ್ಬು ತಂದೆ, 3000ದ್ದು. ಚಪ್ಪರದ್ದು ಸಿಆರ್‌ಐ 90 ಇರುವಂಥದ್ದು, ಬೆಲೆ ಮಾಮೂಲಿ ಬಲ್ಬಿನ ಎರಡರಷ್ಟಕ್ಕಿಂತ ಜಾಸ್ತಿ ಆಯಿತು. ಕೊಟ್ಟ ದುಡ್ಡಿಗೆ ಒಂದು ಪೈಸೆಯೂ ಬೇಜಾರಿಲ್ಲ. ಸಂಜೆ ಅಮ್ಮ ಸ್ವಿಚ್ಚು ಹಾಕಿದರು, ಕೈ ಮುಗಿದರು, ಏನೂ ಹೇಳದೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಹೂವು ಕಟ್ಟಲು ಶುರುಮಾಡಿದರು. ಅಪ್ಪನ ಕವಳದ ತಟ್ಟೆ ವಾಪಸು ಜಗಲಿಗೆ ಬಂತು. ಹುಳ ಈಗಲೂ ಬರುತ್ತವೆ, ಆದರೆ ಕೂತು ಮಾತಾಡಬಹುದು. ಬಿಳಿ ಬಲ್ಬುಗಳನ್ನು ಎಸೆಯಲಿಲ್ಲ, ಕೊಟ್ಟಿಗೆಗೂ ಮಗಳು ಓದುವ ಮೇಜಿನ ಮೇಲಕ್ಕೂ ಹಾಕಿದೆ. ಅಲ್ಲಿ ಅವು ಚೆನ್ನಾಗಿಯೇ ಇವೆ.

ಕರೆಂಟಿನ ಉಳಿತಾಯದಲ್ಲಿ ಎರಡು ಮಾತಿಲ್ಲ. 60 ವ್ಯಾಟಿನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್, 9 ವ್ಯಾಟಿನದು ಒಂದೂವರೆ ಯೂನಿಟ್ಟೂ ಮುಟ್ಟುವುದಿಲ್ಲ. ನನಗೆ ಆಶ್ಚರ್ಯ ತಂದಿದ್ದು ದೇವರ ಕೋಣೆಯ ಜೀರೋ ಬಲ್ಬು. ಹೆಸರು ಜೀರೋ, ತಿನ್ನುತ್ತಿದ್ದದ್ದು 15 ವ್ಯಾಟು! ನಮ್ಮಲ್ಲಿ ಅದು ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಉರಿಯುತ್ತದೆ, ಹಾಗಾಗಿ ಅದೊಂದೇ ತಿಂಗಳಿಗೆ 5 ಯೂನಿಟ್ ದಾಟುತ್ತಿತ್ತು. ಈಗಿರುವ ಕೆಂಪು ಎಲ್‌ಇಡಿ ಅರ್ಧ ವ್ಯಾಟಿನದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮಗೆ ಬಿಲ್ಲು ಸೊನ್ನೆ. ಆದರೂ ಹಿಂದಿನ ಸರಾಸರಿ ನೋಡಿ ಮಿತಿ ಹಾಕಿರುವುದರಿಂದ ಯೂನಿಟ್ ಮೇಲೆ ಕಣ್ಣಿಟ್ಟೇ ಇರುತ್ತೇವೆ.

ಬಾಳಿಕೆ ಮಾತ್ರ ಡಬ್ಬಿ ಹೇಳಿದಷ್ಟಿಲ್ಲ. 25,000 ಗಂಟೆ ಅಂದರೆ ನಮ್ಮ ಬಳಕೆಗೆ 13 ವರ್ಷದ ಮೇಲೆ. ನಮ್ಮಲ್ಲಿ ಈವರೆಗೆ ಏಳು ಹೋಗಿವೆ. ಮೂರು ಒಂದೇ ಗುಡುಗುಮಳೆಗೆ ಹೋದವು. ಬಚ್ಚಲಿನದು ಗಾಜಿನ ಗುಂಡಿನೊಳಗೆ ಇತ್ತು, ಗಾಳಿಯಾಡದೆ ಬಿಸಿಯಾಗಿ ವರ್ಷದೊಳಗೇ ಹೋಯಿತು. ಗುಂಡು ತೆಗೆದು ಹಾಕಿದ್ದು ಇನ್ನೂ ಉರಿಯುತ್ತಿದೆ. ಚುಕ್ಕಿಗಳೆಲ್ಲ ಒಂದೇ ಸರದಲ್ಲಿ ಪೋಣಿಸಿದ ಹಾಗೆ ಇರುವುದರಿಂದ ಒಂದು ಸುಟ್ಟರೆ ಬಲ್ಬೇ ಆರುತ್ತದೆ. ಸುಟ್ಟ ಚುಕ್ಕಿಯ ನಡುವೆ ಕಪ್ಪು ಕಲೆ ಕಾಣುತ್ತದೆ. ಆ ರಿಪೇರಿಯವರು 30 ರೂಪಾಯಿಗೆ ಸರಿಮಾಡಿಕೊಡುತ್ತಾರೆ, ಹಾಗಾಗಿ ಹೋದದ್ದನ್ನು ಎಸೆಯಬೇಡಿ. ಗುಡುಗು ಶುರುವಾದರೆ ಮೇನ್ ಸ್ವಿಚ್ಚು ತೆಗೆಯುವುದನ್ನು ಈಗ ತಪ್ಪಿಸುವುದಿಲ್ಲ.

ಒಂದೇ ಒಂದು ಹಳೇ ಬಲ್ಬು ಮನೆಯಲ್ಲಿ ಇನ್ನೂ ಬಳಕೆಯಲ್ಲಿದೆ. ಮಳೆಗಾಲದಲ್ಲಿ ಬಟ್ಟೆಯ ಕಪಾಟಿನೊಳಗೆ ಕೆಳಗಡೆ 60 ವ್ಯಾಟಿನ ಬಲ್ಬು ಹಾಕಿ, ಬಟ್ಟೆ ತಾಗದ ಹಾಗೆ ಜಾಗ ಬಿಟ್ಟು, ದಿನಾ ಒಂದು ಗಂಟೆ ಉರಿಸುತ್ತೇವೆ. ಇಲ್ಲದಿದ್ದರೆ ರೇಷ್ಮೆ ಸೀರೆಗೂ ಪುಸ್ತಕಕ್ಕೂ ಬೂಸ್ಟು ಹಿಡಿಯುತ್ತದೆ. ಆ ಬಿಸಿಯನ್ನು ಎಲ್‌ಇಡಿ ಕೊಡುವುದಿಲ್ಲ. ಪೇಟೆಯ ಅಂಗಡಿಗಳಲ್ಲಿ ತಂತಿ ಬಲ್ಬು ಈಗ ಕೇಳಿದರೂ ಸಿಗುತ್ತಿಲ್ಲ. ಅಟ್ಟದ ಮೇಲೆ ಎರಡು ಇಟ್ಟಿದ್ದೇನೆ, ಯಾರಿಗಾದರೂ ಎಲ್ಲಿ ಸಿಗುತ್ತದೆ ಎಂದು ಗೊತ್ತಿದ್ದರೆ ದಯವಿಟ್ಟು ತಿಳಿಸಿ.